ಅದು ಯಾವ ಮೀನು? ಹವಳದ ಬಂಡೆಯಲ್ಲಿ ಕಂಡ ಅಪರೂಪದ ಮೀನನ್ನು ಗುರುತಿಸುವ ಬಗೆ

ಗಾಜಿನ ಮುಖವಾಡ ಬಿಗಿದು, ಉಸಿರಿನ ಕೊಳವೆ ಬಾಯಲ್ಲಿ ಕಚ್ಚಿ ಕಡಲಿಗಿಳಿದವರು ಮತ್ತೆ ದೋಣಿ ಹತ್ತಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಅದು ಯಾವ ಮೀನು? ಅವರು ಹೇಳುವ ಗುರುತೂ ಹೆಚ್ಚಾಗಿ ಒಂದೇ ಬಗೆಯದು. ಕಡುನೀಲಿ ಇತ್ತು, ಬಿಳಿ ಗೆರೆ ಇತ್ತು, ಹಳದಿ ಬಾಲ ಇತ್ತು. ಬಣ್ಣದ ಹೊರತು ಬೇರೇನೂ ನೆನಪಿರುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಹವಳದ ಬಂಡೆಯ ಮೀನುಗಳ ವಿಷಯದಲ್ಲಿ ಬಣ್ಣದಷ್ಟು ಮೋಸ ಮಾಡುವ ಗುರುತು ಇನ್ನೊಂದಿಲ್ಲ.

ಸ್ನಾರ್ಕೆಲಿಂಗ್ ಈಗ ದೂರದ ದೇಶದ ಶೋಕಿಯಾಗಿ ಉಳಿದಿಲ್ಲ. ಕಾಸರಗೋಡಿನವರಿಗೆ ಮುರ್ಡೇಶ್ವರ ಒಂದು ಹಗಲಿನ ಪಯಣ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ಗೋವೆಯ ಕನ್ನಡಿಗರಿಗೆ ವಾಸ್ಕೋ ಕಡೆಯ ಗ್ರಾಂಡೆ ದ್ವೀಪ ಹತ್ತಿರ. ಸೊಲ್ಲಾಪುರ, ಜತ್ತ ಕಡೆಯವರು ಮಾಲ್ವಣದಲ್ಲಿ ಸಿಂಧುದುರ್ಗ ಕೋಟೆ ನೋಡಲು ಹೋದವರು ಹಾಗೆಯೇ ನೀರಿಗೂ ಇಳಿದು ಬರುತ್ತಾರೆ. ಪರವಾನಗಿ, ಹಡಗಿನ ಟಿಕೆಟ್ ಹೊಂದಿಸಿಕೊಂಡವರು ಲಕ್ಷದ್ವೀಪಕ್ಕೂ ಹೋಗುತ್ತಾರೆ. ಇವುಗಳಲ್ಲಿ ಲಕ್ಷದ್ವೀಪದ್ದು ನಿಜವಾದ ಹವಳದ ದ್ವೀಪಮಾಲೆ. ನೇತ್ರಾಣಿ, ಗ್ರಾಂಡೆ, ಮಾಲ್ವಣ ಮೂರೂ ಹವಳ ಹತ್ತಿ ಬೆಳೆದ ಕಲ್ಲುಬಂಡೆಗಳು. ಈ ವ್ಯತ್ಯಾಸ ಮೀನನ್ನು ಗುರುತಿಸುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಒಂದು ಮೀನು, ಎರಡು ಹೆಸರು

ಕಂಡವರನ್ನು ತಬ್ಬಿಬ್ಬು ಮಾಡುವ ಮೀನೆಂದರೆ ಏಂಜಲ್ ಮೀನಿನ ಮರಿ. ಅಂಗೈಯಷ್ಟಗಲ, ತಟ್ಟೆಯಂತೆ ಚಪ್ಪಟೆ. ಮೈಯೆಲ್ಲ ಕಪ್ಪಿಗೆ ತಿರುಗಿದ ನೀಲಿ. ಅದರ ಮೇಲೆ ಬಿಳಿ ಮತ್ತು ತಿಳಿನೀಲಿ ಸುತ್ತುಗಳು, ಕೆರೆಗೆ ಕಲ್ಲೆಸೆದಾಗ ಏಳುವ ಅಲೆಯಂತೆ ಒಂದರೊಳಗೊಂದು. ಒಮ್ಮೆ ಕಂಡವರು ಮರೆಯುವುದಿಲ್ಲ. ಆದರೆ ಇದೇ ಗುರುತು ಹಿಡಿದು ಮೀನಿನ ಪುಸ್ತಕದಲ್ಲಿ ದೊಡ್ಡ ಮೀನುಗಳ ಚಿತ್ರಗಳನ್ನಷ್ಟೇ ಹುಡುಕಿದರೆ ಇಂಥ ಮೀನು ಸಿಗುವುದಿಲ್ಲ. ಏಕೆಂದರೆ ಇದು ಬೆಳೆದ ಮೇಲೆ ಹೀಗಿರುವುದೇ ಇಲ್ಲ.

ಇದು ಎಂಪರರ್ ಏಂಜಲ್, ಅಂದರೆ ಚಕ್ರವರ್ತಿ ಏಂಜಲ್ ಮೀನಿನ ಮರಿ. ವಿಜ್ಞಾನದ ಹೆಸರು ಪೊಮಕ್ಯಾಂತಸ್ ಇಂಪರೇಟರ್. ಬೆಳೆದ ಮೀನು ಸುಮಾರು 40 ಸೆಂ.ಮೀ. ಉದ್ದ ಬರುತ್ತದೆ. ಅದರ ಮೈಮೇಲೆ ಸುತ್ತಿನ ಸುಳಿವೇ ಇಲ್ಲ. ತಲೆಯಿಂದ ಬಾಲದ ಕಡೆಗೆ ಹಳದಿ, ನೀಲಿ ಗೆರೆಗಳು ಸಾಲಾಗಿ ಓಡುತ್ತವೆ. ಕಣ್ಣಿನ ಮೇಲೆ ಕಳ್ಳ ಕಟ್ಟಿಕೊಂಡ ಬಟ್ಟೆಯಂತೆ ಕಪ್ಪು ಪಟ್ಟಿ. ಬಾಲ ಹಳದಿ. ಮರಿಯನ್ನೂ ದೊಡ್ಡದನ್ನೂ ಪಕ್ಕಪಕ್ಕ ಇಟ್ಟು ಇವೆರಡೂ ಒಂದೇ ಮೀನು ಎಂದರೆ ಮೀನುಗಾರಿಕೆಯಲ್ಲೇ ಕೂದಲು ಬೆಳ್ಳಗಾದವರೂ ಒಪ್ಪಲಿಕ್ಕಿಲ್ಲ.

ವಿದ್ವಾಂಸರೂ ಒಪ್ಪಿರಲಿಲ್ಲ. ಬರ್ಲಿನ್ ನಗರದಲ್ಲಿ ವೈದ್ಯರಾಗಿದ್ದ ಮಾರ್ಕಸ್ ಬ್ಲಾಖ್ ಎಂಬುವರು 1787ರಲ್ಲಿ ಬೆಳೆದ ಮೀನಿಗೆ ಇಂಪರೇಟರ್ ಎಂದು ಹೆಸರಿಟ್ಟರು. ಬ್ಲಾಖ್ 1799ರಲ್ಲಿ ತೀರಿಕೊಂಡ ಮೇಲೆ ಷ್ನೈಡರ್ ಎಂಬ ವಿದ್ವಾಂಸರು ಅವರ ಕೆಲಸವನ್ನು ಪೂರ್ತಿ ಮಾಡಿ 1801ರಲ್ಲಿ ಗ್ರಂಥ ಹೊರತಂದರು. ಅದರಲ್ಲಿ ಮರಿಗೆ ನಿಕೋಬಾರಿಯೆನ್ಸಿಸ್ ಎಂಬ ಬೇರೆಯೇ ಹೆಸರು. ಅಂದರೆ ನಮ್ಮ ನಿಕೋಬಾರ್ ದ್ವೀಪಗಳ ಹೆಸರು ಹೊತ್ತ ಬೇರೆಯೇ ಮೀನು! ಎರಡೂ ಒಂದೇ ಎಂದು ಇತ್ಯರ್ಥವಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮೊದಲು ಇಟ್ಟ ಹೆಸರೇ ಉಳಿಯಬೇಕೆಂಬ ನಿಯಮದಂತೆ ಇಂಪರೇಟರ್ ಉಳಿಯಿತು, ನಿಕೋಬಾರಿನ ಹೆಸರು ಕಡತ ಸೇರಿತು.

ಬಣ್ಣ ಬದಲಾಗುವುದು ಒಂದೆರಡು ದಿನದ ಮಾತಲ್ಲ. ಸುಮಾರು ಎರಡರಿಂದ ಎರಡೂವರೆ ವರ್ಷ ಹಿಡಿಯುತ್ತದೆ. ನಡುವೆ ಒಂದು ಕಾಲದಲ್ಲಿ ಹಿಂದಿನ ಸುತ್ತುಗಳು ಮಾಸುತ್ತಿರುತ್ತವೆ, ಹಳದಿ ಗೆರೆಗಳು ಮೂಡುತ್ತಿರುತ್ತವೆ. ಈ ಅರೆಬರೆ ವೇಷದ ಮೀನನ್ನು ಕಂಡವರು ಹೊಸ ಜಾತಿಯನ್ನೇ ಕಂಡುಹಿಡಿದೆವೆಂದು ಸಂಭ್ರಮಿಸುವುದುಂಟು. ಮರಿಗೇಕೆ ಬೇರೆ ಬಣ್ಣ ಎಂಬುದಕ್ಕೆ ವಿಜ್ಞಾನಿಗಳು ಹೇಳುವ ಕಾರಣ ಹೀಗಿದೆ: ದೊಡ್ಡ ಏಂಜಲ್ ಮೀನು ತನ್ನ ಬಂಡೆಯ ಮೇಲೆ ಹಕ್ಕು ಸಾಧಿಸುವ ಜಗಳಗಂಟ, ತನ್ನಂತೆಯೇ ಕಾಣುವ ಇನ್ನೊಂದು ಬಂದರೆ ಅಟ್ಟಿ ಓಡಿಸುತ್ತದೆ. ಬೇರೆ ಬಣ್ಣದ ಮರಿಯನ್ನು ಅದು ಪ್ರತಿಸ್ಪರ್ಧಿ ಎಂದು ಎಣಿಸುವುದಿಲ್ಲ.

ಮೂವರು ಮರಿಗಳು

ನೀಲಿ ಮೈ, ಬಿಳಿ ಗೆರೆ ಎಂದಷ್ಟೇ ಹೇಳಿದರೆ ಸಾಲದು. ನಮ್ಮ ಕಡಲುಗಳಲ್ಲಿ ಇದೇ ವೇಷ ತೊಟ್ಟ ಇನ್ನೆರಡು ಮರಿಗಳಿವೆ, ಎರಡೂ ಇದೇ ಕುಲದವು. ಒಂದು ಸೆಮಿಸರ್ಕ್ಯುಲೇಟಸ್. ಬೆಳೆದಾಗ ಇದರ ಬಾಲದ ಗೆರೆ-ಚುಕ್ಕೆಗಳು ಅರಬ್ಬೀ ಬರಹದಂತೆ ಕಾಣುವುದರಿಂದ ಇದಕ್ಕೆ ಕುರಾನ್ ಏಂಜಲ್ ಎಂಬ ಹೆಸರು ಬಂದಿದೆ. ಇನ್ನೊಂದು ಆನ್ಯುಲಾರಿಸ್. ಬೆಳೆದಾಗ ಕಂದು-ಹೊನ್ನಿನ ಮೈ, ಅದರ ಮೇಲೆ ಬಿಲ್ಲಿನಂತೆ ಬಾಗಿದ ನೀಲಿ ಗೆರೆಗಳು, ಬಿಳಿಯ ಬಾಲ, ಕಿವಿರಿನ ಮೇಲ್ಗಡೆ ಒಂದು ನೀಲಿ ಉಂಗುರ. ಆ ಉಂಗುರದಿಂದಲೇ ಅದಕ್ಕೆ ಹೆಸರು.

ಮರಿಗಳನ್ನು ಬೇರ್ಪಡಿಸಲು ಬಣ್ಣ ಸಾಲದು, ಗೆರೆಯ ಆಕಾರ ನೋಡಬೇಕು. ಬಾಲದ ಬುಡದ ಹತ್ತಿರ ಗೆರೆ ಪೂರ್ತಿ ಸುತ್ತಿಕೊಂಡು ಉಂಗುರವಾಗಿದ್ದರೆ ಇಂಪರೇಟರ್. ಗೆರೆಗಳು ಅರ್ಧಚಂದ್ರದಂತೆ ಬಾಗಿ, ಎಲ್ಲಿಯೂ ಉಂಗುರವಾಗಿ ಮುಚ್ಚಿಕೊಳ್ಳದಿದ್ದರೆ ಸೆಮಿಸರ್ಕ್ಯುಲೇಟಸ್. ಗೆರೆಗಳು ಬಹುಮಟ್ಟಿಗೆ ನೆಟ್ಟಗೆ, ಮೇಲಿಂದ ಕೆಳಕ್ಕೆ ಇಳಿದಿದ್ದು, ಬಾಲದ ಈಜುರೆಕ್ಕೆಗೆ ಬಣ್ಣವೇ ಇಲ್ಲದಂತಿದ್ದರೆ ಆನ್ಯುಲಾರಿಸ್.

ಜಾಗವೂ ಸಾಕ್ಷಿ ಹೇಳುತ್ತದೆ. ಆನ್ಯುಲಾರಿಸ್ ದಡದ ಹತ್ತಿರದ, ತುಸು ಕದಡಿದ ನೀರಿಗೂ ಒಗ್ಗಿಕೊಂಡ ಮೀನು. ಆದ್ದರಿಂದ ಕರಾವಳಿಗೆ ಹತ್ತಿರದ ಬಂಡೆಗಳಲ್ಲಿ ನೀಲಿ ಮರಿ ಕಂಡರೆ ಮೊದಲು ಇದನ್ನೇ ಶಂಕಿಸಬೇಕು. ಲಕ್ಷದ್ವೀಪದ ತಿಳಿನೀರಿನಲ್ಲಿ ಕಂಡರೆ ಇಂಪರೇಟರ್ ಇರುವ ಸಾಧ್ಯತೆ ಹೆಚ್ಚು. ಶಂಕೆ ಬೇರೆ, ನಿರ್ಧಾರ ಬೇರೆ ಎಂಬುದು ನೆನಪಿರಲಿ. ಅದರಲ್ಲೂ ಹೆಬ್ಬೆರಳ ಉಗುರಿನಷ್ಟು ಚಿಕ್ಕ ಮರಿಗಳಲ್ಲಿ ಮೂರರ ಗೆರೆಯೂ ಸರಿಸುಮಾರು ನೇರವಾಗಿಯೇ ಇರುತ್ತದೆ, ಇಂಪರೇಟರಿನ ಉಂಗುರ ಇನ್ನೂ ಕೂಡಿರುವುದಿಲ್ಲ. ಅಂಥ ಮರಿಯನ್ನು 'ಪೊಮಕ್ಯಾಂತಸ್ ಕುಲದ ಮರಿ' ಎಂದು ಬರೆದು ಅಲ್ಲಿಗೇ ನಿಲ್ಲಿಸುವುದು ಸರಿ. ಗೊತ್ತಿದ್ದಷ್ಟೇ ಹೇಳುವುದರಲ್ಲಿ ನಾಚಿಕೆಯಿಲ್ಲ.

ನೀರಿನೊಳಗೆ ಏನು ನೋಡಬೇಕು?

ಮೊದಲು ಗಾತ್ರದ ಲೆಕ್ಕ. ಮುಖವಾಡದ ಗಾಜಿನ ಮೂಲಕ ನೋಡಿದಾಗ ಮೀನು ಇದ್ದದ್ದಕ್ಕಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. 40 ಸೆಂ.ಮೀ. ಎಂದು ತೋರಿದ್ದು ನಿಜಕ್ಕೂ 30 ಇರಬಹುದು. ಮೀನಿನ ಕಥೆಗಳಲ್ಲಿ ಗಾತ್ರ ಹಿಗ್ಗುವುದಕ್ಕೆ ಹೇಳುವವರ ನಾಲಿಗೆ ಮಾತ್ರ ಕಾರಣವಲ್ಲ, ನೀರಿನ ಪಾಲೂ ಇದೆ. ಎರಡನೆಯದು ಕೆಂಪು ಬಣ್ಣ. ನೀರು ಕೆಂಪು ಬೆಳಕನ್ನು ಮೊದಲು ಹೀರಿಕೊಳ್ಳುತ್ತದೆ. ಐದಾರು ಮೀಟರ್ ಕೆಳಗಿರುವ ಕೆಂಪು ಮೀನು ಮೇಲಿಂದ ನೋಡುವವರಿಗೆ ಕಂದಾಗಿ, ಬೂದಾಗಿ ಕಾಣುತ್ತದೆ.

ಹಾಗಾದರೆ ನಂಬುವುದು ಯಾವುದನ್ನು? ಮೈಯ ಆಕಾರವನ್ನು, ಬಾಯಿಯನ್ನು, ಮುಳ್ಳನ್ನು, ಈಜುವ ರೀತಿಯನ್ನು. ಏಂಜಲ್ ಮೀನನ್ನೂ ಚಿಟ್ಟೆ ಮೀನನ್ನೂ ಒಂದೇ ಎಂದುಕೊಳ್ಳುವವರು ಬಹಳ. ಎರಡೂ ಚಪ್ಪಟೆ, ಎರಡೂ ಬಣ್ಣದವು. ಆದರೆ ಏಂಜಲ್ ಮೀನಿನ ಕೆನ್ನೆಯ ಕೆಳಗಡೆ, ಕಿವಿರಿನ ಮುಚ್ಚಳದ ಹತ್ತಿರ, ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳೊಂದು ಇರುತ್ತದೆ. ಚಿಟ್ಟೆ ಮೀನಿಗೆ ಅದಿಲ್ಲ. ಬಣ್ಣ ಬದಲಾದರೂ, ವಯಸ್ಸು ಬದಲಾದರೂ ಈ ಮುಳ್ಳು ಬದಲಾಗುವುದಿಲ್ಲ. ಸರ್ಜನ್ ಮೀನಿಗೆ ಬಾಲದ ಬುಡದ ಎರಡೂ ಕಡೆ ಚೂರಿಯಂತಹ ಅಲಗು ಇದೆ. ಹೆಸರು ಬಂದದ್ದೇ ಅದರಿಂದ, ಕೈ ಹಾಕಿದರೆ ಕೊಯ್ಯುತ್ತದೆ. ಗಿಳಿ ಮೀನಿನ ಹಲ್ಲುಗಳು ಕೂಡಿಕೊಂಡು ಕೊಕ್ಕಿನಂತಾಗಿವೆ, ಬಂಡೆಯನ್ನು ಅದು ಕೆರೆಯುವ ಸದ್ದು ನೀರಿನೊಳಗೆ ಕಿವಿಗೂ ಕೇಳುತ್ತದೆ. ಅದು ಈಜುವುದು ಎದೆಯ ಪಕ್ಕದ ಈಜುರೆಕ್ಕೆಗಳನ್ನು ಹುಟ್ಟಿನಂತೆ ಬೀಸಿ. ಟ್ರಿಗರ್ ಮೀನಾದರೆ ಬೆನ್ನಿನ ಮತ್ತು ಹೊಟ್ಟೆಯಡಿಯ ಈಜುರೆಕ್ಕೆಗಳನ್ನು ಅಲೆಯಂತೆ ಆಡಿಸುತ್ತ ಸಾಗುತ್ತದೆ. ದೂರದಿಂದ, ಬಣ್ಣ ಕಾಣದಿದ್ದರೂ, ಈಜುವ ಚಾಲಿನಿಂದಲೇ ಇಂಥ ಕುಟುಂಬದ್ದು ಎಂದು ಹೇಳಿಬಿಡಬಹುದು. ಊರಿನವರನ್ನು ನಡಿಗೆಯಿಂದ ಗುರುತಿಸುವ ಹಾಗೆ.

ಗಿಳಿ ಮೀನಿನ ಇನ್ನೊಂದು ಪೇಚು ಲಿಂಗ ಬದಲಾವಣೆ. ಅನೇಕ ಜಾತಿಗಳಲ್ಲಿ ಹೆಣ್ಣಾಗಿ ಬೆಳೆದ ಮೀನು ಮುಂದೆ ಗಂಡಾಗುತ್ತದೆ, ಜೊತೆಗೆ ಕಂದು-ಬೂದಿ ಬಣ್ಣ ಹೋಗಿ ಹಸಿರು-ನೀಲಿ ಬರುತ್ತದೆ. ಹೀಗಾಗಿ ಒಂದೇ ಜಾತಿಯ ಗಂಡು, ಹೆಣ್ಣು, ಮರಿಗಳಿಗೆ ಹಿಂದಿನವರು ಬೇರೆ ಬೇರೆ ಹೆಸರಿಟ್ಟ ಉದಾಹರಣೆಗಳು ಈ ಕುಟುಂಬದಲ್ಲಿ ಧಾರಾಳ.

ವೇಷಗಾರರು

ಇಲ್ಲಿಯವರೆಗಿನದು ಮೀನು ಬೆಳೆಯುವಾಗ ಆಗುವ ಬದಲಾವಣೆ. ಬೇಕೆಂದೇ ಇನ್ನೊಬ್ಬರ ವೇಷ ಹಾಕುವ ಮೀನುಗಳೂ ಇವೆ. ಕ್ಲೀನರ್ ರ‍್ಯಾಸ್ ಎಂಬ ಬೆರಳುದ್ದದ ಮೀನು ಬಂಡೆಯ ಒಂದು ಮೂಲೆಯಲ್ಲಿ ಅಂಗಡಿ ತೆರೆದವರಂತೆ ನಿಂತಿರುತ್ತದೆ. ಮೈಯುದ್ದಕ್ಕೂ ಒಂದು ಕಪ್ಪು ಪಟ್ಟೆ, ಅಂಚಿಗೆ ನೀಲಿ. ದೊಡ್ಡ ಮೀನುಗಳು ಬಂದು ಬಾಯಿ, ಕಿವಿರು ತೆರೆದು ನಿಲ್ಲುತ್ತವೆ. ಇದು ಒಳಹೊಕ್ಕು ಅವುಗಳ ಮೈಗೆ ಹತ್ತಿದ ಹೇನಿನಂತಹ ಜೀವಿಗಳನ್ನು ಆರಿಸಿ ತಿನ್ನುತ್ತದೆ. ಇದೇ ಬಣ್ಣ, ಇದೇ ಪಟ್ಟೆ, ಇದೇ ಕುಣಿತದ ಇನ್ನೊಂದು ಮೀನಿದೆ: ಆಸ್ಪಿಡಾಂಟಸ್. ಅದನ್ನು ಕ್ಲೀನರ್ ಎಂದು ನಂಬಿ ಹತ್ತಿರ ಬಂದ ಮೀನಿನ ಈಜುರೆಕ್ಕೆಯ ಚೂರನ್ನೇ ಅದು ಕಚ್ಚಿ ಓಡಬಲ್ಲದು. ಗುರುತು ಬಾಯಲ್ಲಿದೆ. ನಿಜವಾದ ಕ್ಲೀನರ್‌ಗೆ ಬಾಯಿ ಮೂತಿಯ ತುದಿಯಲ್ಲಿ. ವೇಷಧಾರಿಗೆ ಶಾರ್ಕಿನಂತೆ ಮೂತಿಯ ಅಡಿಯಲ್ಲಿ.

ಇನ್ನೊಂದು ವೇಷಗಾರ ಊಟದ ತಟ್ಟೆಯವರೆಗೂ ಬರುವಂಥದ್ದು. ಲುಟ್ಜಾನಸ್ ಬೋಹರ್ ಎಂಬ ಕೆಂಪು ಸ್ನ್ಯಾಪರ್ ಮೀನಿನ ಮರಿ ಬೆನ್ನ ಮೇಲೆ ಎರಡು ಬಿಳಿ ಚುಕ್ಕೆ ಹೊತ್ತು, ಯಾರಿಗೂ ಕೇಡು ಮಾಡದ ಕ್ರೋಮಿಸ್ ಎಂಬ ಚಿಕ್ಕ ಮೀನುಗಳ ಗುಂಪಿನಲ್ಲಿ ಸೇರಿಕೊಂಡಿರುತ್ತದೆ. ಬೇಟೆಯಾಡಿ ತಿನ್ನುವ ಮೀನು ಇದೆಂದು ಸುತ್ತಲಿನ ಸಣ್ಣ ಮೀನುಗಳಿಗೆ ತಿಳಿಯುವುದೇ ಇಲ್ಲ. ಬೆಳೆದ ಮೇಲೆ ಚುಕ್ಕೆ ಮಾಸಿ ಮೈ ಕಡುಗೆಂಪಾಗುತ್ತದೆ. ಆಗ ಉಳಿಯುವ ಒಳ್ಳೆಯ ಗುರುತೆಂದರೆ ಕಣ್ಣಿನ ಮುಂದೆ ಮೂಗಿನ ಹೊಳ್ಳೆಗಳಿರುವ ಆಳವಾದ ಗಾಡಿ.

ಹೆಸರು ತಪ್ಪಿದರೆ

ಗಡಿನಾಡಿನವರಿಗೆ ಒಂದು ಮೀನಿಗೆ ನಾಲ್ಕು ಹೆಸರು ಗೊತ್ತಿರುವುದು ಹೊಸತಲ್ಲ. ತುಳುವಿನ ಮುರು ಮೀನು ಮಲಯಾಳದಲ್ಲಿ ಕಲವ, ಗೋವೆಯಲ್ಲಿ ಗೊಬ್ರೊ, ಗಲ್ಫಿನಿಂದ ಬಂದವರ ಬಾಯಲ್ಲಿ ಹಮೂರ್. ತುಳುವರ ಕೆಂಬೇರಿ ಮಲಯಾಳದಲ್ಲಿ ಚೆಂಬಲ್ಲಿ, ಗೋವೆಯಲ್ಲಿ ತಾಮ್ಸೊ. ನಾಲ್ಕು ಹೆಸರು ಗೊತ್ತಿದ್ದರೆ ಮಾರುಕಟ್ಟೆಯಲ್ಲಿ ಅನುಕೂಲವೇ. ಆದರೆ ಇವುಗಳಲ್ಲಿ ಒಂದೊಂದು ಹೆಸರಿನ ಕೆಳಗೂ ಹತ್ತಾರು ಜಾತಿಗಳಿವೆ. ಕೆಂಬೇರಿಯ 'ಕೆಂ', ಚೆಂಬಲ್ಲಿಯ 'ಚೆಂ' ಎರಡೂ ಕೆಂಪೇ. ಅಂದರೆ ಹೆಸರಿಟ್ಟವರು ನೋಡಿದ್ದೂ ಬಣ್ಣವನ್ನೇ. ಅಳಿವೆಯ ಕೆಂಪು ಮೀನು, ಹೊರಗಡಲಿನ ಹವಳದ ಬಂಡೆಯ ಕೆಂಪು ಮೀನು ಎರಡೂ ಒಂದೇ ಬುಟ್ಟಿಗೆ ಬೀಳುತ್ತವೆ.

ಇದು ಬರಿಯ ಪಂಡಿತರ ಜಗಳವಲ್ಲ ಎಂಬುದು 2016ರಲ್ಲಿ ಮಂಗಳೂರಿನಲ್ಲಿ ತಿಳಿಯಿತು. ಕೆಂಪು ಸ್ನ್ಯಾಪರ್ ಮೀನಿನ ತಲೆಭಾಗ ತಿಂದ ಅನೇಕರು ವಾಂತಿ-ಭೇದಿಯಾಗಿ ಆಸ್ಪತ್ರೆ ಸೇರಿದರು. ವೈದ್ಯರು ಅದನ್ನು ಸಿಗ್ವಾಟೆರಾ ಎಂಬ ಮೀನಿನ ವಿಷಬಾಧೆ ಎಂದು ಗುರುತಿಸಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಹವಳದ ಬಂಡೆಯ ಪಾಚಿಯ ನಡುವೆ ಬೆಳೆಯುವ ಸೂಕ್ಷ್ಮಜೀವಿಯೊಂದು ಈ ವಿಷದ ಮೂಲ. ಪಾಚಿ ತಿಂದ ಮೀನಿನಿಂದ ಅದನ್ನು ತಿಂದ ಮೀನಿಗೆ, ಅಲ್ಲಿಂದ ಇನ್ನೂ ದೊಡ್ಡ ಮೀನಿಗೆ ಅದು ಸಾಗುತ್ತ ಹೆಚ್ಚುತ್ತದೆ. ತಲೆ, ಕರುಳು, ಯಕೃತ್ತಿನಲ್ಲಿ ಇದರ ಪ್ರಮಾಣ ಜಾಸ್ತಿ. ಬೇಯಿಸಿದರೂ ಹುರಿದರೂ ಮಂಜುಗಡ್ಡೆಯಲ್ಲಿಟ್ಟರೂ ಹೋಗುವುದಿಲ್ಲ. ರುಚಿ, ವಾಸನೆಯಲ್ಲಿ ತಿಳಿಯುವುದೂ ಇಲ್ಲ. ತುಟಿ, ಬೆರಳು ಜೋಮು ಹಿಡಿಯುವುದು, ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದು ಇದರ ವಿಶೇಷ ಲಕ್ಷಣ. ಲುಟ್ಜಾನಸ್ ಬೋಹರ್ ಈ ವಿಷಕ್ಕೆ ಜಗತ್ತಿನಾದ್ಯಂತ ಹೆಸರಾದ ಮೀನು. ಅಳಿವೆಯ ಚೆಂಬಲ್ಲಿ ತಿಂದು ಬೆಳೆದವರು ಕೆಂಪು ಮೀನಿನ ತಲೆ ಕಂಡರೆ ಹಿಂಜರಿಯುವುದಿಲ್ಲ. ಹೆಸರು ಒಂದೇ ಆದ್ದರಿಂದ ನಂಬಿಕೆಯೂ ಒಂದೇ. ಗುರುತು ತಿಳಿಯದ ಹವಳದ ಬಂಡೆಯ ದೊಡ್ಡ ಮೀನಿನ ತಲೆ, ಒಳಭಾಗಗಳನ್ನು ಬಿಡುವುದೇ ಲೇಸು.

ಮುಳ್ಳಿನ ವಿಷಯ ಬೇರೆ. ಸಿಂಹ ಮೀನು ಕೆಂಪು-ಬಿಳಿ ಪಟ್ಟೆಯ ಉದ್ದ ಈಜುರೆಕ್ಕೆಗಳನ್ನು ಬೀಸಣಿಗೆಯಂತೆ ಹರಡಿಕೊಂಡು ನಿಧಾನವಾಗಿ ತೇಲುತ್ತದೆ. ಫೋಟೋ ತೆಗೆಯಲು ಇದಕ್ಕಿಂತ ಒಳ್ಳೆಯ ಮೀನಿಲ್ಲ, ಮುಟ್ಟಲು ಇದಕ್ಕಿಂತ ಕೆಟ್ಟದ್ದೂ ವಿರಳ. ಬೆನ್ನಿನ 13 ಮುಳ್ಳುಗಳಲ್ಲೂ ವಿಷವಿದೆ. ಇದಕ್ಕಿಂತ ಅಪಾಯದ್ದು ಕಲ್ಲು ಮೀನು. ಅದು ಹೆಸರಿಗೆ ತಕ್ಕಂತೆ ಪಾಚಿ ಹಿಡಿದ ಕಲ್ಲಾಗಿಯೇ ಬಿದ್ದಿರುತ್ತದೆ. ಕಂಡವರಿಗಿಂತ ತುಳಿದವರೇ ಹೆಚ್ಚು. ಬಂಡೆಯ ಮೇಲೆ ಕಾಲೂರದಿರುವುದು, ಆಳವಿಲ್ಲದ ನೀರಿನಲ್ಲಿ ದಪ್ಪ ಅಡಿಯ ಪಾದರಕ್ಷೆ ಹಾಕುವುದು ಇದಕ್ಕಿರುವ ಉಪಾಯ. ಚುಚ್ಚಿದರೆ ಗಾಯವಾದ ಭಾಗವನ್ನು ತಡೆಯುವಷ್ಟು ಬಿಸಿಯ, ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ಈ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ನೋವಿನಲ್ಲಿರುವ ಕಾಲಿಗೆ ಬಿಸಿಯ ಅಂದಾಜಾಗದು, ಆದ್ದರಿಂದ ಬೇರೆಯವರು ಕೈಯಿಟ್ಟು ನೋಡಿದ ನೀರೇ ಆಗಬೇಕು. ಮತ್ತು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬರೆದಿಡುವುದು, ಕೇಳುವುದು

ಫೋಟೋ ತೆಗೆಯುವುದಾದರೆ ಮೇಲಿನಿಂದ ಬೇಡ, ಪಕ್ಕದಿಂದ ತೆಗೆಯಬೇಕು. ಸ್ನಾರ್ಕೆಲ್ ಮಾಡುವವರು ಮೇಲೆ ತೇಲುತ್ತ ಕೆಳಕ್ಕೆ ಕ್ಯಾಮೆರಾ ಹಿಡಿಯುವುದರಿಂದ ಹೆಚ್ಚಿನ ಚಿತ್ರಗಳಲ್ಲಿ ಮೀನಿನ ಬೆನ್ನು ಮಾತ್ರ ಇರುತ್ತದೆ. ಅದರಿಂದ ಯಾರೂ ಏನೂ ಹೇಳಲಾರರು. ಕ್ಯಾಮೆರಾ ಇಲ್ಲದವರು ದೋಣಿಗೆ ಬಂದ ಕೂಡಲೇ ಕಾಗದದ ಮೇಲೆ ಮೀನಿನ ಹೊರಗೆರೆ ಎಳೆದು, ಗೆರೆ ಎಲ್ಲಿಂದ ಎಲ್ಲಿಗೆ, ಬಾಯಿ ಎಲ್ಲಿ, ಬಾಲ ಕವಲೋ ದುಂಡೋ ಎಂದು ಗುರುತಿಸಿದರೆ ಸಾಕು. ಇತರರೊಡನೆ ಮಾತಾಡುವ ಮೊದಲೇ ಬರೆಯಬೇಕು. ಹತ್ತು ಜನ ಮಾತಾಡಿದ ಮೇಲೆ ನೆನಪಿಗೆ ಬರುವುದು ಹತ್ತು ಜನರ ಮೀನು. ದಿನಾಂಕ, ಜಾಗ, ಅಂದಾಜು ಆಳ, ಒಂಟಿಯೋ ಜೋಡಿಯೋ ಎಂಬುದೂ ಇರಲಿ.

ಫೋನಿನ ಗೂಗಲ್ ಲೆನ್ಸ್‌ಗೆ ಚಿತ್ರ ಕೊಟ್ಟರೆ ತಟ್ಟನೆ ಹೆಸರು ಬರುತ್ತದೆ. ಬಂದ ಹೆಸರನ್ನು ಹಾಗೆಯೇ ನಂಬದೆ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಒಂದೇ ಬಣ್ಣದ ಮರಿಗಳ ವಿಷಯದಲ್ಲಿ ಅದೂ ಎಡವುತ್ತದೆ. ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಚಿತ್ರ ಹಾಕಿದರೆ ಮೀನು ಬಲ್ಲವರು ನೋಡಿ ಹೇಳುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ, ದಾಖಲೆಯೂ ಉಳಿಯುತ್ತದೆ. ಜಾತಿಯ ಹೆಸರು ಸಿಕ್ಕಿದ ಮೇಲೆ ಫಿಶ್‌ಬೇಸ್ ತಾಣದಲ್ಲಿ ಅದು ಯಾವ ಕಡಲಲ್ಲಿ ಸಿಗುತ್ತದೆ, ಎಷ್ಟು ಬೆಳೆಯುತ್ತದೆ, ವಿಷವಿದೆಯೇ ಎಂದು ನೋಡಬಹುದು. ಲಕ್ಷದ್ವೀಪದ ಮಟ್ಟಿಗೆ ಜೋನ್ಸ್ ಮತ್ತು ಕುಮಾರನ್ ಎಂಬ ವಿಜ್ಞಾನಿಗಳು 1980ರಲ್ಲಿ ತಂದ ಗ್ರಂಥ ಈಗಲೂ ಆಧಾರ. ಅದರಲ್ಲಿ 603 ಜಾತಿಗಳ ವಿವರವಿದೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಚೇರಿ ಮಂಗಳೂರಿನಲ್ಲೂ ಇದೆ, ಅಲ್ಲಿನ ವಿಜ್ಞಾನಿಗಳು ನೇತ್ರಾಣಿಯ ಮೀನುಗಳ ಪಟ್ಟಿಯನ್ನೂ ಮಾಡಿದ್ದಾರೆ. ಯಾವ ಪಟ್ಟಿಯಲ್ಲೂ ಇಲ್ಲದ ಮೀನು ಕಂಡಿತೆಂದರೆ ಒಳ್ಳೆಯ ಚಿತ್ರದೊಂದಿಗೆ ಅಂಥವರಿಗೆ ತಿಳಿಸಬೇಕು. ಮೀನನ್ನು ಹಿಡಿದು ತರುವುದು ಬೇಡ. ಹವಳವನ್ನು ಮುರಿದು ತರುವುದು, ಕಡಲ್ಗುದುರೆಯನ್ನು ಹಿಡಿಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮಳೆಗಾಲದಲ್ಲಿ ಈ ಕಡಲು ಕದಡಿರುತ್ತದೆ, ದೋಣಿಗಳೂ ಹೊರಡುವುದಿಲ್ಲ. ಅಕ್ಟೋಬರ್ ನಂತರ ನೀರು ತಿಳಿಯಾಗುತ್ತ ಬರುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು, ಗಾಳಿ ಏಳುವ ಮೊದಲು, ಮೀನಿನ ಕೆನ್ನೆಯ ಮುಳ್ಳೂ ಕಾಣುವಷ್ಟು ನೀರು ತಿಳಿಯಾಗಿರುವುದುಂಟು.